ವೆರ್ನಾತ್ಸಾಗೆ ಹೋದರೆ ಒಂದು ರಾತ್ರಿ ಉಳಿಯಿರಿ

ಇಟಲಿಯ ಚಿಂಕ್ವೆ ತೆರ್ರೆ ಅಂದರೆ ಕಡಲಂಚಿನ ಐದು ಊರು. ಬಂಡೆಗೆ ಅಂಟಿಕೊಂಡ ಹಳದಿ, ಗುಲಾಬಿ ಮನೆಗಳ ಫೋಟೊ ನೋಡಿರುತ್ತೀರಲ್ಲ, ಅವೇ. ಎಷ್ಟೋ ಜನ ಬೆಳಿಗ್ಗೆ ಬಂದು ಐದನ್ನೂ ಓಡಿ ಮುಗಿಸಿ ಸಂಜೆ ಫ್ಲಾರೆನ್ಸಿಗೆ ವಾಪಸ್ ಹೋಗುತ್ತಾರೆ. ಸುಸ್ತು ಬಿಟ್ಟರೆ ಏನೂ ಸಿಗಲ್ಲ. ಐದರಲ್ಲಿ ವೆರ್ನಾತ್ಸಾ ಒಂದನ್ನೇ ಹಿಡಿದುಕೊಳ್ಳಿ.

ಮೊದಲು ವೀಸಾ. ಇಟಲಿಗೆ ಬೇಕಾದ್ದು ಷೆಂಗೆನ್ ವೀಸಾ, ಯುರೋಪಿನ ಹಲವು ದೇಶಗಳಿಗೆ ಒಂದೇ. ಅದರ ಅರ್ಜಿಯನ್ನು ಆರು ತಿಂಗಳ ಮುಂಚೆಯೇ ಹಾಕಬಹುದು, ಕೊನೇ ಗಳಿಗೆಗೆ ಇಟ್ಟುಕೊಳ್ಳಬೇಡಿ. ಮೇ ಅಥವಾ ಸೆಪ್ಟೆಂಬರ್ ಒಳ್ಳೆಯದು. ಆಗಸ್ಟ್‌ನಲ್ಲಿ ಇಟಲಿಯವರೇ ರಜೆ ಹಾಕಿ ಕಡಲಿಗೆ ಇಳಿದಿರುತ್ತಾರೆ.

ಕಾರು ಬೇಡ. ಹತ್ತಿರದ ಪಟ್ಟಣ ಲಾ ಸ್ಪೆಟ್ಸಿಯಾಗೆ ಬಂದು ಲೆವಾಂತೊ ಕಡೆ ಹೋಗುವ ಲೋಕಲ್ ರೈಲು ಹತ್ತಿ. ದಾರಿ ಬಹುಪಾಲು ಸುರಂಗ, ಕಡಲು ಕಂಡಿತು ಅನ್ನುವಷ್ಟರಲ್ಲಿ ಮತ್ತೆ ಕತ್ತಲು. ಕಾಗದದ ಟಿಕೆಟ್ ಆದರೆ ಹತ್ತುವ ಮುಂಚೆ ಸ್ಟೇಷನ್ನಿನ ಯಂತ್ರದಲ್ಲಿ ಮುದ್ರೆ ಒತ್ತಿಸಿ. ಇಲ್ಲದಿದ್ದರೆ ಟಿಕೆಟ್ ಇದ್ದೂ ದಂಡ. ದೊಡ್ಡ ಸೂಟ್‌ಕೇಸ್ ಲಾ ಸ್ಪೆಟ್ಸಿಯಾದಲ್ಲೇ ಬಿಡಿ, ಊರೊಳಗೆ ಎಲ್ಲಿ ನೋಡಿದರೂ ಮೆಟ್ಟಿಲು.

ಮರುದಿನ ಪಕ್ಕದ ಊರು ಮೊಂತೆರೊಸ್ಸೊವರೆಗೆ ನಡೆಯಿರಿ. ಸುಮಾರು ಮೂರೂವರೆ ಕಿಲೋಮೀಟರ್ ಅಷ್ಟೆ, ಆದರೆ ಏರಿಳಿತ ಜಾಸ್ತಿ, ಎರಡು ಗಂಟೆ ಬೇಕು. ಈ ದಾರಿಗೆ ಚಿಂಕ್ವೆ ತೆರ್ರೆ ಕಾರ್ಡ್ ಕೊಳ್ಳಬೇಕು. ಹವಾಯಿ ಚಪ್ಪಲಿಯಲ್ಲಿ ಹೊರಟರೆ ದಂಡ ಬೀಳಬಹುದು. ನಡೆಯುವಾಗ ಪಕ್ಕದ ಗೋಡೆಗಳನ್ನು ನೋಡಿ. ಸಿಮೆಂಟೂ ಇಲ್ಲ, ಗಾರೆಯೂ ಇಲ್ಲ, ಕಲ್ಲಿನ ಮೇಲೆ ಕಲ್ಲಿಟ್ಟು ಗುಡ್ಡವನ್ನೇ ಮೆಟ್ಟಿಲು ಮಾಡಿ ದ್ರಾಕ್ಷಿ ಬೆಳೆದಿದ್ದಾರೆ. 1997ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದ್ದು ಬಣ್ಣದ ಮನೆಗಳಿಂದ ಮಾತ್ರ ಅಲ್ಲ, ಈ ಗೋಡೆಗಳಿಂದಲೂ. ಗುಡ್ಡದ ಮಣ್ಣನ್ನು ಹಿಡಿದಿಡುವುದೂ ಇವೇ. ತೋಟ ಬಿಟ್ಟವರು ಹೆಚ್ಚಾದಂತೆ ಗೋಡೆ ಕಟ್ಟುವವರು ಕಮ್ಮಿಯಾದರು. 2011ರ ಅಕ್ಟೋಬರ್ 25ರಂದು ಸುರಿದ ಮಳೆಗೆ ಗುಡ್ಡದ ಮಣ್ಣು ಇಳಿದು ವೆರ್ನಾತ್ಸಾದ ಮುಖ್ಯ ಬೀದಿಯೇ ಹೂತುಹೋಗಿತ್ತು. ಮಳೆ ಬಂದಾಗ ದಾರಿ ಮುಚ್ಚಿದರೆ ಗೊಣಗಬೇಡಿ.

ಊಟದ ಚಿಂತೆ ಸಸ್ಯಾಹಾರಿಗಳಿಗೂ ಬೇಡ. ತುಳಸಿಯ ಬಳಗದ ಬೆಸಿಲ್ ಸೊಪ್ಪು ಅರೆದ ಪೆಸ್ತೊ ಹುಟ್ಟಿದ್ದು ಈ ಊರುಗಳಿರುವ ಲಿಗೂರಿಯಾ ಪ್ರಾಂತ್ಯದಲ್ಲೇ. ಫರಿನಾತಾ ಅಂತ ಸಿಗುತ್ತದೆ, ಕಡಲೆಹಿಟ್ಟಿಗೆ ನೀರು, ಎಣ್ಣೆ ಹಾಕಿ ಒಲೆಯಲ್ಲಿ ಬೇಯಿಸಿದ್ದು. ನಮ್ಮ ಬಾಯಿಗೆ ಕೂಡಲೇ ಒಗ್ಗುತ್ತದೆ, ಒಂದು ಹಸಿಮೆಣಸಿನಕಾಯಿ ಇದ್ದಿದ್ದರೆ ಅನಿಸುತ್ತದೆ ಅಷ್ಟೆ! ಬಿಲ್ಲಿನಲ್ಲಿ ‘ಕೊಪೆರ್ತೊ’ ಅಂತಿದ್ದರೆ ಗಾಬರಿ ಬೇಡ, ಅದು ಕೂತದ್ದಕ್ಕೆ ತಲೆಗಿಷ್ಟು.

ಸಂಜೆ ದಿನದ ಗುಂಪು ರೈಲು ಹತ್ತಿದ ಮೇಲೆ ಬಂದರಿಗೆ ಇಳಿಯಿರಿ. ನೀರಂಚಿನಲ್ಲಿ ಸಾಂತಾ ಮಾರ್ಗೆರಿತಾ ಚರ್ಚು, ಮೇಲೆ ದೋರಿಯಾ ಕೋಟೆ, ಮಧ್ಯೆ ಸಣ್ಣ ದೋಣಿಗಳು. ಸುಮ್ನೆ ಕಲ್ಲುಕಟ್ಟೆ ಮೇಲೆ ಕೂತಿರಿ. ಹೊರಡುವ ದಿನ ಕಡಲು ಶಾಂತವಾಗಿದ್ದರೆ ರೈಲು ಬಿಟ್ಟು ದೋಣಿಯಲ್ಲಿ ಹೋಗಿ, ಊರು ಪೂರ್ತಿ ಕಾಣುವುದು ನೀರಿನಿಂದಲೇ.