ಬಳ್ಳಾರಿ ಬಿಸಿಲಲ್ಲಿ ಡೀಟ್ಯಾನ್ ಪಾರ್ಲರ್ ನಡೆಸುವುದು ಹೇಗೆ?

ಏಪ್ರಿಲ್ ತಿಂಗಳಲ್ಲಿ ಸ್ಕೂಟಿ ಓಡಿಸಿಕೊಂಡು ಬಂದ ಗಿರಾಕಿಯ ಕೈ ಒಮ್ಮೆ ನೋಡಿ. ವಾಚ್ ಕಟ್ಟಿದ ಜಾಗ ಒಂದು ಬಣ್ಣ, ಬಳೆಯ ಕೆಳಗೆ ಇನ್ನೊಂದು, ಬೆರಳ ಗೆಣ್ಣು ಮತ್ತೊಂದು. ಯುರೋಪ್, ಅಮೆರಿಕದಲ್ಲಿ ಟ್ಯಾನಿಂಗ್ ಸಲೂನ್ ಅಂತ ಇರುತ್ತವೆ. ಅಲ್ಲಿ ಜನ ದುಡ್ಡು ಕೊಟ್ಟು, ನೇರಳಾತೀತ ದೀಪದ ಕೆಳಗೆ ಮಲಗಿ, ಮೈ ಕಪ್ಪು ಮಾಡಿಕೊಂಡು ಬರುತ್ತಾರೆ. (ಆ ದೀಪಗಳಿಂದ ಕ್ಯಾನ್ಸರ್ ಬರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2009ರಲ್ಲೇ ಹೇಳಿ, ತಂಬಾಕು ಇರುವ ಪಟ್ಟಿಗೇ ಅವನ್ನೂ ಸೇರಿಸಿತು. ಬ್ರೆಜಿಲ್ ಅದೇ ವರ್ಷ ನಿಷೇಧವನ್ನೂ ಹಾಕಿತು.) ನಮ್ಮೂರಲ್ಲಿ ಆ ಕೆಲಸವನ್ನು ಸೂರ್ಯ ಪುಕ್ಕಟೆ ಮಾಡಿಕೊಡುತ್ತಾನೆ. ಬಿಸಿಲಿಗೆ ಕೂತ ಆ ಕಪ್ಪನ್ನು ತೆಗೆಯುವುದಕ್ಕೇ ಡೀಟ್ಯಾನ್ ಅನ್ನುವುದು, ಅದೇ ನಮ್ಮ ಕಸುಬು.

ಗಿರಾಕಿಗೆ ಬರವಿಲ್ಲ, ಸರಿ. ಪಾರ್ಲರ್‌ಗೂ ಬರವಿಲ್ಲ. ಗಾಂಧಿನಗರ, ಸತ್ಯನಾರಾಯಣಪೇಟೆ, ಪಾರ್ವತಿನಗರ ಸುತ್ತಿ ಬನ್ನಿ, ಬೋರ್ಡ್ ಎಣಿಸಿ ಸಾಕಾಗುತ್ತದೆ. ಎರಡು ಕುರ್ಚಿ, ಒಂದು ಮಂಚ ಇಟ್ಟುಕೊಂಡು ಈ ಗುಂಪಿನಲ್ಲಿ ಉಳಿಯುವುದು ಹೇಗೆ ಅನ್ನುವುದನ್ನು ನಾನು ಕಲಿತ ಹಾಗೇ ಹೇಳುತ್ತೇನೆ.

ಮೊದಲು ಕಾಗದ, ನೀರು

ಇದನ್ನು ಬೇಗ ಮುಗಿಸೋಣ. ಮಹಾನಗರ ಪಾಲಿಕೆಯ ಟ್ರೇಡ್ ಲೈಸೆನ್ಸ್ ಬೇಕು. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಆನ್‌ಲೈನ್‌ನಲ್ಲಿ ಆಗುತ್ತದೆ, ಪೈಸೆ ಖರ್ಚಿಲ್ಲ. ಯಾರಾದರೂ ಫೀಸು ಕೇಳಿದರೆ ಕೊಡಬೇಡಿ. ಸಾಲ ಬೇಕಿದ್ದರೆ ಮುದ್ರಾ ಯೋಜನೆಯ ಶಿಶು ವಿಭಾಗದಲ್ಲಿ 50,000 ರೂಪಾಯಿವರೆಗೆ ಸಿಗುತ್ತದೆ, ಅದಕ್ಕೂ ಮೇಲೆ ಬೇಕಾದವರಿಗೆ ಕಿಶೋರ್ ಇದೆ. ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿಯ ತಲೆನೋವಿಲ್ಲ. ಬೋರ್ಡ್ ಬರೆಸುವಾಗ 60 ಭಾಗ ಕನ್ನಡ ಇರಲೇಬೇಕು.

ನೀರಿನ ವಿಷಯ ಮಾತ್ರ ಬಾಡಿಗೆ ಮಾತಾಡುವ ಮುಂಚೆ ಕೇಳಿ. ನಲ್ಲಿ ನೀರು ದಿನಾ ಬರುವ ಊರಲ್ಲ ನಮ್ಮದು. ಮುಖಕ್ಕೆ ಪ್ಯಾಕ್ ಹಚ್ಚಿ ಕೂರಿಸಿದ ಮೇಲೆ ಟ್ಯಾಂಕ್ ಖಾಲಿ ಅಂತ ಗೊತ್ತಾದರೆ ಏನು ಮಾಡ್ತೀರಿ? ಪಕ್ಕದ ಹೋಟೆಲಿನಿಂದ ಕೊಡ ತಂದು ನಾನು ಮುಖ ತೊಳೆಸಿದ್ದೇನೆ. ಎರಡನೇ ಸಿಂಟೆಕ್ಸ್ ಇಡಲು ಜಾಗ ಇದ್ದರೆ ಮಾತ್ರ ಅಡ್ವಾನ್ಸ್ ಕೊಡಿ.

ಒಳತೋಳು ತೋರಿಸಿ

ಹೊಸ ಗಿರಾಕಿ ಕೇಳುವ ಮೊದಲ ಪ್ರಶ್ನೆ ಇದು: "ಅಕ್ಕಾ, ಒಂದ್ ಸಲಕ್ಕೆ ಬೆಳ್ಳಗಾಗ್ತೀನೇನು?"

ಇಲ್ಲ ಅನ್ನಿ. ಕೈ ತಿರುಗಿಸಿ, ತೋಳಿನ ಒಳಭಾಗ ತೋರಿಸಿ. "ಇದು ನಿನ್ನ ಬಣ್ಣ ಕಣಮ್ಮಾ. ಇಲ್ಲೀತನಕ ವಾಪಸ್ ತರಬಹುದು. ಇದಕ್ಕಿಂತ ಆಚೆಗೆ ಯಾರೂ ತರೋಕಾಗಲ್ಲ." ಕೆಲವರು ಎದ್ದು ಹೋಗುತ್ತಾರೆ. ಆಚೆ ಬೀದಿಯಲ್ಲಿ ಎರಡು ಶೇಡ್ ಬೆಳ್ಳಗೆ ಮಾಡ್ತಾರಂತೆ ಅಂತ ಹೇಳಿಯೇ ಹೋಗುತ್ತಾರೆ. ಹೋಗಲಿ ಬಿಡಿ. ಕುಳಿತವರು ಮುಂದಿನ ತಿಂಗಳು ತಂಗಿಯನ್ನೂ ಕರೆತರುತ್ತಾರೆ.

ವಿಷಯ ಇಷ್ಟೇ. ಬಿಸಿಲಿಗೆ ಚರ್ಮ ತನ್ನ ರಕ್ಷಣೆಗೆ ಮೆಲನಿನ್ ಅನ್ನುವ ಬಣ್ಣವನ್ನು ಜಾಸ್ತಿ ಮಾಡಿಕೊಳ್ಳುತ್ತದೆ. ಮೇಲಿನ ಪದರ ಉದುರಿ ಹೊಸದು ಬರಲು ಸುಮಾರು ನಾಲ್ಕು ವಾರ ಬೇಕು. ಡೀಟ್ಯಾನ್ ಪ್ಯಾಕ್‌ನಲ್ಲಿರುವ ಲ್ಯಾಕ್ಟಿಕ್, ಗ್ಲೈಕೋಲಿಕ್‌ನಂಥ ಆಮ್ಲಗಳು ಸತ್ತ ಪದರವನ್ನು ಸಡಿಲ ಮಾಡುತ್ತವೆ, ಉಳಿದ ಕೆಲಸ ಚರ್ಮದ್ದೇ. ಬ್ಲೀಚ್ ಬೇರೆ. ಅದು ಮುಖದ ಸಣ್ಣ ಕೂದಲಿನ ಬಣ್ಣ ತೆಗೆಯುತ್ತದೆ, ಅದಕ್ಕೇ ಮುಖ ಹೊಳೆದಂತೆ ಕಾಣುತ್ತದೆ. ಇವೆರಡನ್ನೂ ಒಂದೇ ಅಂತ ಮಾರಬೇಡಿ.

ಇನ್ನೊಂದು. ಆಮ್ಲ ಹಚ್ಚಿದ ಚರ್ಮ ಬಿಸಿಲಿಗೆ ಇನ್ನೂ ನಾಜೂಕು. ಮಧ್ಯಾಹ್ನ 12ಕ್ಕೆ ಡೀಟ್ಯಾನ್ ಮಾಡಿ ರಾಯಲ್ ಸರ್ಕಲ್ ಬಿಸಿಲಿಗೆ ಬಿಟ್ಟರೆ ಸಂಜೆಗೆ ಮುಖ ಉರಿಯುತ್ತಿರುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಡೀಟ್ಯಾನ್ ಅಪಾಯಿಂಟ್‌ಮೆಂಟ್ ಸಂಜೆ 5ರ ಮೇಲೆ ಮಾತ್ರ ಕೊಡಿ. ಹೊರಡುವಾಗ ಸನ್‌ಸ್ಕ್ರೀನ್, ದುಪಟ್ಟಾ ಎರಡನ್ನೂ ನೆನಪಿಸಿ. ಮನೆಯಲ್ಲಿ ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋಗಬೇಡಿ ಅಂತಲೂ ಹೇಳಿ. ನಿಂಬೆರಸಕ್ಕೆ ಬಿಸಿಲು ಬಿದ್ದರೆ ಚರ್ಮ ಸುಟ್ಟು ಕಲೆಯಾಗುತ್ತದೆ.

ಕಿವಿಯ ಹಿಂದೆ ಒಂದು ಚುಕ್ಕೆ

ನನ್ನದೇ ತಪ್ಪು ಹೇಳಿಬಿಡುತ್ತೇನೆ. ಮೊದಲ ವರ್ಷ, ನಿಶ್ಚಿತಾರ್ಥಕ್ಕೆ ಎರಡೇ ದಿನ ಇದ್ದ ಹುಡುಗಿ ಬಂದಳು. ಅವಸರ. ಪ್ಯಾಚ್ ಟೆಸ್ಟ್ ಮಾಡದೆ ಬ್ಲೀಚ್ ಹಚ್ಚಿದೆ. ಐದನೇ ನಿಮಿಷಕ್ಕೆ "ಚುರುಚುರು ಅಂತೈತಕ್ಕಾ" ಅಂದಳು. ಸ್ವಲ್ಪ ತಡ್ಕೊ ಅಂದೆ ನಾನು, ಬುದ್ಧಿ ಇಲ್ಲದೆ. ತೊಳೆದಾಗ ಕೆನ್ನೆ ಎರಡೂ ಮೆಣಸಿನಕಾಯಿ. ಚರ್ಮದ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ, ಫೀಸು ನಾನೇ ಕೊಟ್ಟೆ. ಅವಳ ತಾಯಿ ಒಂದು ಮಾತೂ ಬೈಯಲಿಲ್ಲ, ಸುಮ್ನೆ ನೋಡಿದರು. ಆ ನೋಟ ಇನ್ನೂ ನೆನಪಿದೆ.

ಅಂದಿನಿಂದ ಕಿವಿಯ ಹಿಂದೆ ಚುಕ್ಕೆಯಷ್ಟು ಹಚ್ಚಿ, 24 ಗಂಟೆ ಕಾಯದೆ ಹೊಸ ಮುಖಕ್ಕೆ ಬ್ಲೀಚ್ ಇಲ್ಲ. ಮದುವೆ ಹೆಣ್ಣಾದರೆ ಹೊಸದೇನನ್ನೂ ಕೊನೆಯ ವಾರ ಮುಟ್ಟುವುದಿಲ್ಲ.

ಹೆಸರಿಲ್ಲದ ಡಬ್ಬಿಯ ಬಿಳಿ ಕ್ರೀಮ್ ತಂದು ಕೊಡುವ ಏಜೆಂಟರು ಬರುತ್ತಾರೆ. ಮೂರೇ ದಿನಕ್ಕೆ ರಿಸಲ್ಟ್ ಅನ್ನುತ್ತಾರೆ. ರಿಸಲ್ಟ್ ಬರುವುದು ಸ್ಟಿರಾಯ್ಡ್‌ನಿಂದ, ಇಲ್ಲವೇ ಪಾದರಸದಿಂದ. ಇಂಥ 14 ಸ್ಟಿರಾಯ್ಡ್‌ಗಳ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದೆಂದು ಸರ್ಕಾರ 2018ರಲ್ಲೇ ನಿಯಮ ತಂದಿದೆ. ಅದನ್ನು ಹಚ್ಚುತ್ತಾ ಹೋದರೆ ಚರ್ಮ ತೆಳುವಾಗಿ, ಬಿಟ್ಟ ತಕ್ಷಣ ಮೊದಲಿಗಿಂತ ಕಪ್ಪಾಗುತ್ತದೆ. ಆ ಏಜೆಂಟನಿಗೆ ಚಹಾ ಕೊಟ್ಟು ಕಳಿಸಿ, ಡಬ್ಬಿ ಮಾತ್ರ ಇಟ್ಟುಕೊಳ್ಳಬೇಡಿ.

199 ರೂಪಾಯಿ ಲೆಕ್ಕ

ಎದುರಿನವರು 199ಕ್ಕೆ ಡೀಟ್ಯಾನ್ ಅಂತ ಫ್ಲೆಕ್ಸ್ ಹಾಕಿದ ದಿನ ಕೈ ನಡುಗುತ್ತದೆ. ನಡುಗುವ ಮೊದಲು ಲೆಕ್ಕ ಹಾಕಿ. ಬಾಡಿಗೆ 8,000, ಕರೆಂಟು-ನೀರು 2,500, ಸಹಾಯಕಿಗೆ 9,000, ಸಾಲದ ಕಂತು 3,900 ಅಂದುಕೊಳ್ಳಿ. ಒಟ್ಟು 23,400. ತಿಂಗಳಿಗೆ 26 ದಿನ ತೆರೆದರೆ ದಿನಕ್ಕೆ 900. ದಿನಕ್ಕೆ ಐದು ಮುಖ ಬಂದರೆ ಒಂದೊಂದರ ಮೇಲೆ 180. ಪ್ಯಾಕ್‌ಗೆ 50, ಹತ್ತಿ, ಟಿಶ್ಯೂ, ಸನ್‌ಸ್ಕ್ರೀನ್‌ಗೆ 30 ಸೇರಿಸಿ. 260 ಆಯಿತು, ನಿಮ್ಮ ದುಡಿಮೆಗೆ ಇನ್ನೂ ಒಂದು ರೂಪಾಯಿ ಹಾಕಿಲ್ಲ. 199ಕ್ಕೆ ಮಾಡುವವರು ಏನೋ ಒಂದನ್ನು ಕಡಿಮೆ ಮಾಡಿರಲೇಬೇಕು, ಅಲ್ವಾ?

ರೇಟು ಇಳಿಸುವ ಬದಲು ಕೆಲಸ ಸಣ್ಣದು ಮಾಡಿ. ನಾನು "ಕೈ ಮಾತ್ರ" ಅಂತ ಶುರು ಮಾಡಿದೆ, ಬೆರಳಿಂದ ಮೊಣಕೈವರೆಗೆ. ಸ್ಕೂಟಿ ಓಡಿಸುವ ಟೀಚರ್‌ಗಳು, ನರ್ಸ್‌ಗಳು, ಜೀನ್ಸ್ ಯೂನಿಟ್ ಹುಡುಗಿಯರು ಅದಕ್ಕೇ ಬಂದರು. ಕೈ ಚೆನ್ನಾದ ಮೇಲೆ ಮುಖಕ್ಕೆ ತಾವೇ ಕೇಳಿದರು.

ಪ್ರಚಾರಕ್ಕೆ ದುಡ್ಡು ಬೇಡ, ಪುಸ್ತಕ ಬೇಕು

ಗೂಗಲ್ ಮ್ಯಾಪ್‌ನಲ್ಲಿ ಅಂಗಡಿ ಹಾಕಿ, ಪುಕ್ಕಟೆ. ಫೋಟೋ ಹಾಕುವಾಗ ಮುಖ ಬೇಡ, ಕೈ ಸಾಕು, ಗಿರಾಕಿಯನ್ನು ಕೇಳಿಯೇ ಹಾಕಿ. ಮುಂಚೆ ಮತ್ತು ಆಮೇಲೆ, ಎರಡೂ ಒಂದೇ ಲೈಟಿನಲ್ಲಿ, ಫಿಲ್ಟರ್ ಇಲ್ಲದೆ. ವಾಟ್ಸಾಪ್ ಸ್ಟೇಟಸ್ ರಾತ್ರಿ 9ಕ್ಕೆ, ಅಡುಗೆಮನೆ ಕೆಲಸ ಮುಗಿದ ಮೇಲೆ. ಕೌಲ್‌ಬಜಾರ್ ಕಡೆಯ ಗಿರಾಕಿಗಳಿಗೆ ಉರ್ದು, ಆಂಧ್ರ ಗಡಿ ಕಡೆಯಿಂದ ಬರುವವರಿಗೆ ತೆಲುಗು, ನಾಲ್ಕು ಮಾತು ಬಂದರೂ ಸಾಕು.

ಇವೆಲ್ಲಕ್ಕಿಂತ ನನಗೆ ಗಿರಾಕಿ ತಂದಿದ್ದು 60 ರೂಪಾಯಿಯ ಲಾಂಗ್ ನೋಟ್‌ಬುಕ್. ಹೆಸರು, ನಂಬರು, ಯಾವ ಪ್ಯಾಕ್, ಉರಿ ಬಂತೋ ಇಲ್ಲವೋ, ಮನೆಯಲ್ಲಿ ಮದುವೆ ಇದೆಯೋ. ನಾಲ್ಕು ವಾರಕ್ಕೆ ಒಂದು ಮೆಸೇಜು. "ಕೈ ಹೆಂಗಿದೆ ಅಕ್ಕಾ?" ಅಷ್ಟೇ, ಆಫರ್ ಬೇಡ.

ಯುಗಾದಿ, ರಂಜಾನ್, ವೈಶಾಖದ ಮದುವೆಗಳು, ಶ್ರಾವಣದ ವರಮಹಾಲಕ್ಷ್ಮಿ, ಆಗ ಕೂರಲು ಪುರುಸೊತ್ತಿರುವುದಿಲ್ಲ. ಆಷಾಢದಲ್ಲಿ ಅಂಗಡಿ ಭಣಭಣ. ಗಾಬರಿಯಾಗಿ ರೇಟು ಇಳಿಸಬೇಡಿ. ಸಿಂಕ್ ರಿಪೇರಿ ಮಾಡಿಸಿ, ಸಹಾಯಕಿಗೆ ಊರಿಗೆ ರಜೆ ಕೊಡಿ, ನೋಟ್‌ಬುಕ್ ತೆರೆದು ಶ್ರಾವಣಕ್ಕೆ ಯಾರ ಮನೆಯಲ್ಲಿ ಮದುವೆ ಇದೆ ಅಂತ ಗುರುತು ಹಾಕಿಟ್ಟುಕೊಳ್ಳಿ.