ಪಿಡಿಎಫ್ ಸಿಕ್ಕಿತು ಸರಿ, ಅದು ಪುಸ್ತಕವಾ, ಪ್ರಬಂಧವಾ?

ಕಾಲೇಜು ಪ್ರಾಜೆಕ್ಟುಗಳ ಕೊನೆಯ ಪುಟ ತೆರೆದು ನೋಡಿ. 'ಆಕರಗಳು' ಅಂತ ಬರೆದು ಕೆಳಗೆ ಸುಮ್ನೆ ಲಿಂಕ್‌ಗಳನ್ನು ಸಾಲಾಗಿ ಅಂಟಿಸಿರುತ್ತಾರೆ. ಪುಸ್ತಕ ಯಾವುದು, ಪತ್ರಿಕೆ ಸುದ್ದಿ ಯಾವುದು ಅಂತ ಓದುವವರಿಗೆ ಗೊತ್ತಾಗುವುದೇ ಇಲ್ಲ. ನಾಳೆ ಆ ಲಿಂಕ್ ತೆರೆಯದಿದ್ದರೆ ಮುಗಿಯಿತು, ಹುಡುಕಲು ಒಂದು ಹೆಸರೂ ಇರಲ್ಲ.

ಬೆಂಗಳೂರಿನ ಹೆಸರಿನ ಬಗ್ಗೆ ಬರೆಯುತ್ತಿದ್ದೀರಿ ಅಂತಿಟ್ಟುಕೊಳ್ಳಿ. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಪ್ರಸ್ತಾಪ ಇದೆ, ಆ ಭಾಗದ ಹಳೆಯ ಶಾಸನಗಳ ಪಾಠ ಹುಡುಕಿದಾಗ ಒಂದು ಸ್ಕ್ಯಾನ್ ಮಾಡಿದ ಪಿಡಿಎಫ್ ಸಿಕ್ಕಿತು. ಇದು ವೆಬ್‌ಸೈಟಾ? ಅಲ್ಲ. ಮೊದಲ ಪುಟಗಳನ್ನು ತಿರುವಿ: ಬಿ.ಎಲ್. ರೈಸ್ ಸಂಪಾದಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ', 9ನೇ ಸಂಪುಟ, 1905. ಅಂದರೆ ಪುಸ್ತಕ. ವರ್ಷ 1905 ಅಂತಲೇ ಬರೆಯಬೇಕು, ಯಾರೋ ಅಪ್‌ಲೋಡ್ ಮಾಡಿದ ವರ್ಷ ಅಲ್ಲ. ಈಗಿನ ಪುಸ್ತಕಗಳಾದರೆ ಐಎಸ್‌ಬಿಎನ್ (ಪುಸ್ತಕಗಳಿಗೆ ಕೊಡುವ ಗುರುತಿನ ಸಂಖ್ಯೆ) ನೋಡಿದರೂ ಸಾಕು. ಇಷ್ಟು ಹಳೆಯದರಲ್ಲಿ ಅದು ಸಿಗಲ್ಲ.

ಪುಸ್ತಕ ಅಲ್ಲದಿದ್ದರೆ ಸಂಪುಟ, ಸಂಚಿಕೆ, 8 ಅಂಕಿಯ ಐಎಸ್‌ಎಸ್‌ಎನ್ (ನಿಯತಕಾಲಿಕಗಳಿಗೆ ಕೊಡುವ ಗುರುತಿನ ಸಂಖ್ಯೆ) ಇದೆಯಾ ನೋಡಿ. ಇದ್ದರೆ ನಿಯತಕಾಲಿಕದ ಲೇಖನ. ನಮ್ಮ ಬೆಂಗಳೂರಿನಿಂದಲೇ ಬರುವ 'ಕರೆಂಟ್ ಸೈನ್ಸ್', 'ರೆಸೊನೆನ್ಸ್' ಈ ಬಗೆಯವು. ಆದರೆ ಐಎಸ್‌ಎಸ್‌ಎನ್ ಇದ್ದ ಮಾತ್ರಕ್ಕೆ ಸಂಶೋಧನೆ ಅಂದುಕೊಳ್ಳಬೇಡಿ, ವಾರಪತ್ರಿಕೆಗಳಿಗೂ ಅದು ಇರುತ್ತದೆ. ಡಿಒಐ, ಅಂದರೆ ಆನ್‌ಲೈನ್ ಲೇಖನಗಳಿಗೆ ಕೊಡುವ ಶಾಶ್ವತ ಗುರುತು ಕೂಡ ಅಷ್ಟೇ. ಪತ್ರಿಕೆಯಲ್ಲಿ ಪ್ರಕಟವಾಗುವ ಮೊದಲೇ ಆನ್‌ಲೈನ್ ಆರ್ಕೈವ್‌ಗಳಲ್ಲಿ ಹಾಕಿದ ಕರಡು ಲೇಖನಗಳಿಗೂ (ಪ್ರಿಪ್ರಿಂಟ್) ಡಿಒಐ ಸಿಗುತ್ತದೆ, ಆದರೆ ಅವನ್ನು ತಜ್ಞರು ಇನ್ನೂ ಪರಿಶೀಲಿಸಿರಬೇಕೆಂದೇನಿಲ್ಲ, ಹಾಗಾಗಿ 'ಪ್ರಿಪ್ರಿಂಟ್' ಅಂತಲೇ ನಮೂದಿಸಿ. ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳನ್ನು ಇಡುವ ಆನ್‌ಲೈನ್ ಭಂಡಾರ ಶೋಧಗಂಗಾದಲ್ಲಿ ಸಿಕ್ಕಿದ್ದು ಪಿಎಚ್‌ಡಿ ಪ್ರಬಂಧ. ವಿಶ್ವವಿದ್ಯಾಲಯದ ಹೆಸರು ಬರೆಯಲೇಬೇಕು.

ಜಾಸ್ತಿ ಎಡವಟ್ಟಾಗುವುದು ಸರ್ಕಾರಿ ಕಾಗದದಲ್ಲಿ. 2014ರ ನವೆಂಬರ್ 1ರಿಂದ ಊರಿನ ಹೆಸರು ಇಂಗ್ಲಿಷಿನಲ್ಲೂ ಬೆಂಗಳೂರು ಆಯಿತು. ಇದಕ್ಕೆ ಅಧಿಸೂಚನೆಯನ್ನೇ ಉಲ್ಲೇಖಿಸುತ್ತಿದ್ದೀರಾ, ಅಧಿಸೂಚನೆಯ ಬಗ್ಗೆ ಬಂದ ಸುದ್ದಿಯನ್ನಾ? ಎರಡೂ ಬೇರೆ ಬೇರೆ ಅಲ್ವಾ? ಅಧಿಸೂಚನೆಯಲ್ಲಿ ಸಂಖ್ಯೆ, ದಿನಾಂಕ, ಇಲಾಖೆ ಇರುತ್ತವೆ. ಸುದ್ದಿ ಮಾತ್ರ ಓದಿದ್ದರೆ ಸುದ್ದಿ ಅಂತಲೇ ಬರೆಯಿರಿ. ವಿಕಿಪೀಡಿಯದಲ್ಲಿ ಓದಿದ್ದರೆ ಅಡಿಟಿಪ್ಪಣಿಗೆ ಹೋಗಿ, ಅಲ್ಲಿ ಕೊಟ್ಟ ಮೂಲವನ್ನು ನೀವೇ ತೆರೆದು ನೋಡಿ.

ಇದ್ಯಾವುದಕ್ಕೂ ಸೇರದ ಪುಟ ಸಿಕ್ಕರೆ 'ವೆಬ್ ಪುಟ' ಅಂತ ಬರೆದು, ನೀವು ನೋಡಿದ ದಿನಾಂಕ ಹಾಕಿ.