ಕೀಚೈನಿಗೊಂದು ಸಿಗಾರ್ ಪಂಚ್: ನಾನು ಆರಿಸಿದ್ದು ಹೀಗೆ

ಸಿಗಾರ್ ಸೇದುವವರ ಹತ್ತಿರ ಕಟ್ಟರ್ ಇದ್ದೇ ಇರುತ್ತದೆ. ಸೇದುವ ಹೊತ್ತಿಗೆ ಕೈಗೆ ಸಿಗುವುದಿಲ್ಲ, ಅಷ್ಟೇ. ನನ್ನ ಕಟ್ಟರ್ ಇರುವುದು ಮೈಸೂರಿನ ಮನೆಯ ಮೇಜಿನ ಡ್ರಾದಲ್ಲಿ. ಅಪರೂಪಕ್ಕೊಂದು ಸಿಗಾರ್ ಹಚ್ಚುವುದು ಪಿರಿಯಾಪಟ್ಟಣದ ಹತ್ತಿರ ಮಾವನ ಜಮೀನಿನಲ್ಲಿ, ಇಲ್ಲದಿದ್ದರೆ ಕುವೆಂಪುನಗರದ ಗೆಳೆಯನ ತಾರಸಿಯಲ್ಲಿ. ತುದಿಯನ್ನು ಹಲ್ಲಲ್ಲಿ ಕಚ್ಚಿ ಉಗಿಯುವುದು ಸಿನಿಮಾದಲ್ಲಿ ನೋಡೋಕೆ ಚೆನ್ನ. ದುಡ್ಡು ಕೊಟ್ಟು ತಂದ ಸಿಗಾರಿಗೆ ಹಾಗೆ ಮಾಡಿದರೆ ಹೊಟ್ಟೆ ಉರಿಯುತ್ತದೆ. ಅದಕ್ಕೇ ಬೀಗದ ಕೈ ಜೊತೆ ಸದಾ ಇರುವಂಥ, ಕಳೆದರೂ ಬೇಜಾರಾಗದಂಥ ಒಂದು ಪಂಚ್ ಹುಡುಕಿದೆ.

ಪಂಚ್ ಅಂದರೆ ಚೂಪು ಅಂಚಿನ ಒಂದು ಗಿಡ್ಡ ಕೊಳವೆ. ಸಿಗಾರಿನ ಬಾಯಿಗಿಡುವ ತುದಿಯನ್ನು ಎಲೆಯ ಒಂದು ಚಿಕ್ಕ ಟೋಪಿಯಿಂದ ಮುಚ್ಚಿರುತ್ತಾರೆ. ಕಟ್ಟರ್ ಆ ಟೋಪಿಯ ಮೇಲ್ಭಾಗವನ್ನು ಕತ್ತರಿಸಿಹಾಕುತ್ತದೆ. ಪಂಚ್ ಅದರ ನಡುವೆ ದುಂಡಗೆ ತೂತು ಮಾಡಿ, ಸುತ್ತಲಿನ ಎಲೆಯನ್ನು ಹಾಗೇ ಬಿಡುತ್ತದೆ. ಬಾಯಿಗೆ ಎಲೆಚೂರು ಬರುವುದೂ ಕಡಿಮೆ. ತಮಿಳುನಾಡಿನ ತಿರುಚ್ಚಿ ಚುಟ್ಟಾಕ್ಕೆ ಈ ರಗಳೆಯೇ ಇಲ್ಲ, ಅದರ ಎರಡೂ ತುದಿ ತೆರೆದೇ ಇರುತ್ತದೆ.

ಮಾವ ಬೆಳೆಯುವುದು ವರ್ಜೀನಿಯಾ ಹೊಗೆಸೊಪ್ಪು. ಬ್ಯಾರನ್ ಅನ್ನುವ ಸೊಪ್ಪು ಒಣಗಿಸುವ ಮನೆಯಲ್ಲಿ ಬಿಸಿ ಕೊಟ್ಟು ಹದ ಮಾಡಿ, ತಂಬಾಕು ಮಂಡಳಿಯ ಹರಾಜಿಗೆ ಹಾಕುತ್ತಾರೆ. ಅದು ಹೋಗುವುದು ಸಿಗರೇಟಿಗೆ. ಸಿಗಾರಿನ ಎಲೆಯನ್ನು ಬೆಂಕಿಗೆ ಒಡ್ಡದೆ, ನೆರಳಲ್ಲಿ ಗಾಳಿಗೆ ವಾರಗಟ್ಟಲೆ ಒಣಗಿಸಿ, ಆಮೇಲೆ ರಾಶಿ ಹಾಕಿ ಹುದುಗಿಸುತ್ತಾರೆ. ನನ್ನ ಕೀಚೈನ್ ನೋಡಿ ಮಾವ, "ಏನ್ಲಾ ಇದು, ತೋಟಾನಾ?" ಅಂದರು. ವಿಷಯ ಹೇಳಿದೆ. "ನಾವು ಸೊಪ್ಪು ಬೆಳ್ದು ಸಾಲ ತೀರ್ಸಾಕಾಗ್ದೆ ಕುಂತಿದ್ದೀವಿ, ನೀನು ಅದುಕ್ಕೆ ತೂತು ಹೊಡಿಯಾಕೆ ಒಂದು ಮಿಷಿನ್ ಮಡಿಕಂಡಿದ್ದೀಯಲ್ಲ" ಅಂತ ನಕ್ಕರು.

ನಾನು ಮೇಟಗಳ್ಳಿಯಲ್ಲಿ ಟೂಲ್‌ರೂಮ್ ಕೆಲಸದವನು. ಅದಕ್ಕೇ ಇರಬೇಕು, ಎಲ್ಲರೂ ಬ್ಲೇಡ್ ಹೇಗಿದೆ ಅಂತ ನೋಡಿದರೆ ನನ್ನ ಕಣ್ಣು ಮೊದಲು ಹೋಗುವುದು ಥ್ರೆಡ್ ಮೇಲೆ, ಅಂದರೆ ತಿರುಪಿನ ಗೆರೆಗಳ ಮೇಲೆ. ಕೀಚೈನಿಗೆ ಹಾಕುವ ಪಂಚ್‌ನಲ್ಲಿ ಬ್ಲೇಡಿಗಿಂತ ಅದು ಹೇಗೆ ಮುಚ್ಚಿಕೊಳ್ಳುತ್ತದೆ ಅನ್ನುವುದೇ ಮುಖ್ಯ ಅನ್ನುತ್ತೇನೆ.

ಕಡಿಮೆ ಬೆಲೆಯಲ್ಲಿ ಜಾಸ್ತಿ ಸಿಗುವುದು ಎರಡು ತುಂಡಿನದು. ಒಂದರಲ್ಲಿ ಬ್ಲೇಡು, ಇನ್ನೊಂದು ಅದನ್ನು ಮುಚ್ಚುವ ಕ್ಯಾಪು. ತಿರುಪಿ ಬಿಚ್ಚಬೇಕು, ತಿರುಪಿ ಮುಚ್ಚಬೇಕು. ಮೇಜಿನ ಮೇಲಿಡುವುದಾದರೆ ಇದರಲ್ಲಿ ತೊಂದರೆ ಏನೂ ಇಲ್ಲ. ಆದರೆ ಕೀಚೈನ್ ದಿನವೂ ಸ್ಕೂಟರಿನಲ್ಲಿ ನೇತಾಡುತ್ತಿರುತ್ತದೆ. ಎಂಜಿನ್ ನಡುಕ ಒಂದು ಕಡೆ, ರಸ್ತೆಯ ಹಂಪ್‌ಗಳು ಇನ್ನೊಂದು ಕಡೆ. ನಡುಕಕ್ಕೆ ಥ್ರೆಡ್ ತಾನಾಗೇ ಬಿಚ್ಚಿಕೊಳ್ಳುತ್ತದೆ, ಬೋಲ್ಟಿಗೆ ಸ್ಪ್ರಿಂಗ್ ವಾಷರ್, ಲಾಕ್ ನಟ್ ಎಲ್ಲ ಹಾಕುವುದು ಅದಕ್ಕೇ ಅಲ್ವಾ? ಈಗ ಕೀಚೈನ್ ಸಿಕ್ಕಿಸುವ ರಿಂಗು ಯಾವ ತುಂಡಿನಲ್ಲಿದೆ ನೋಡಿ. ಕ್ಯಾಪಿನಲ್ಲಿದ್ದರೆ, ಬಿಚ್ಚಿಕೊಂಡ ದಿನ ಬ್ಲೇಡು ರಸ್ತೆ ಪಾಲು. ಬ್ಲೇಡಿನ ತುಂಡಿನಲ್ಲಿದ್ದರೆ ಕ್ಯಾಪು ಬಿದ್ದುಹೋಗಿ ಬರೀ ಬ್ಲೇಡು ಪ್ಯಾಂಟಿನ ಜೇಬಿಗೆ ಬರುತ್ತದೆ. ನನಗೆ ಮೊದಲನೆಯದೇ ವಾಸಿ. ಹೋದರೆ ಇನ್ನೂರು ಮುನ್ನೂರು ರೂಪಾಯಿ ಹೋಗುತ್ತದೆ, ತೊಡೆ ಉಳಿಯುತ್ತದೆ.

ಹಾಗಾಗಿ ಕೈಗೆತ್ತಿಕೊಂಡ ತಕ್ಷಣ ಸುತ್ತು ಎಣಿಸುತ್ತೇನೆ. ಒಂದು, ಒಂದೂವರೆ ಸುತ್ತಿಗೇ ಬಿಚ್ಚಿಕೊಂಡರೆ ಬೇಡ. ನಾಲ್ಕು ಸುತ್ತಾದರೂ ಇರಬೇಕು. ಮುಚ್ಚಿದ ಮೇಲೆ ಎರಡು ತುಂಡನ್ನೂ ಹಿಡಿದು ಅಕ್ಕಪಕ್ಕ ಅಲ್ಲಾಡಿಸಿದರೆ ಲೊಡಲೊಡ ಅನ್ನಬಾರದು. ಥ್ರೆಡ್ಡಿನ ಬುಡದಲ್ಲಿ ಸಣ್ಣ ರಬ್ಬರ್ ಓ-ರಿಂಗ್ ಇದ್ದರೆ ಕಣ್ಣು ಮುಚ್ಚಿ ತಗೊಳ್ಳಬಹುದು, ಕೊನೆಯ ಸುತ್ತನ್ನು ಅದು ಬಿಗಿಯಾಗಿ ಹಿಡಿಯುತ್ತದೆ. ಮೈ ಹಿತ್ತಾಳೆಯದಾದರೆ ಒಳ್ಳೆಯದು. ಜಿಂಕ್ ಎರಕದ ಮೈಗೆ ಹೊಳೆಯುವ ಕೋಟಿಂಗ್ ಕೊಟ್ಟದ್ದು ನೋಡೋಕೆ ಅಂದ, ಆದರೆ ಅದರ ಥ್ರೆಡ್ ಬೇಗ ಸವೆಯುತ್ತದೆ. ತೂಗಿ ನೋಡಿದರೆ ಗೊತ್ತಾಗುವುದಿಲ್ಲ. ಥ್ರೆಡ್ಡಿನ ಕಡೆ ಕೋಟಿಂಗ್ ಸವೆದಲ್ಲಿ ಹಳದಿ ಕಂಡರೆ ಹಿತ್ತಾಳೆ, ಬೂದು ಕಂಡರೆ ಎರಕ.

ಓ-ರಿಂಗ್ ಇಲ್ಲದ್ದೇ ಸಿಕ್ಕಿದರೂ ಚಿಂತೆ ಬೇಡ. ನಲ್ಲಿ ಕೆಲಸದವರು ಸುತ್ತುವ ಬಿಳಿ ಟೆಫ್ಲಾನ್ ಟೇಪನ್ನು ಥ್ರೆಡ್ಡಿಗೆ ಒಂದೇ ಸುತ್ತು ಬಿಗಿಯಾಗಿ ಸುತ್ತಿ ಮುಚ್ಚಿದರೆ ಸಾಕು. ಸವೆದಾಗ ಹೊಸದು ಸುತ್ತಿದರಾಯಿತು. ಥ್ರೆಡ್ ಲಾಕ್ ಅಂಟು ಮಾತ್ರ ಬೇಡ. ಅದು ನಟ್ಟಿಗೆ ಸರಿ, ಬಾಯಿಗೆ ಹೋಗುವ ಸಾಮಾನಿಗಲ್ಲ.

ಇನ್ನೊಂದು ಜಾತಿ ಇದೆ. ಮೈ ತಿರುಪಿದರೆ ಒಳಗಿಂದ ಬ್ಲೇಡು ಹೊರಗೆ ಬರುತ್ತದೆ, ಉಲ್ಟಾ ತಿರುಪಿದರೆ ಒಳಗೆ ಹೋಗುತ್ತದೆ. ಬಿದ್ದುಹೋಗುವ ತುಂಡೇ ಇಲ್ಲ. ಆದರೆ ಬಾಯಿ ಸದಾ ತೆರೆದಿರುವುದರಿಂದ ಜೇಬಿನ ನೂಲು, ಧೂಳು, ಬಸ್ ಟಿಕೆಟ್ಟಿನ ಚೂರು ಎಲ್ಲ ಒಳಗೆ ಸೇರುತ್ತದೆ. ಅದನ್ನೇ ಸಿಗಾರಿಗೆ ಒತ್ತಿ ಬಾಯಿಗಿಡಬೇಕಲ್ಲ ಅನ್ನಿಸಿ ಬಿಟ್ಟೆ. ಎಲೆಯ ಬಿಲ್ಲೆಯನ್ನು ಸ್ಪ್ರಿಂಗ್‌ನಿಂದ ತಳ್ಳುವಂಥದ್ದು, ಮೂರು ಅಳತೆಯ ಬ್ಲೇಡು ಒಂದರೊಳಗೊಂದು ಇರುವಂಥದ್ದೂ ಇವೆ. ಜೇಬಿಗೆ ದಪ್ಪ, ಬೆಲೆಯೂ ಜಾಸ್ತಿ.

ಬಂದೂಕಿನ ಗುಂಡಿನ ಆಕಾರದ್ದು ನೂರಾರು ಸಿಗುತ್ತವೆ. ಮಾಲ್ ಗೇಟಲ್ಲಿ ಜೇಬು ತಡಕುವವರಿಗೆ ಸುಮ್ನೆ ವಿವರಣೆ ಕೊಡುತ್ತಾ ನಿಲ್ಲುವುದು ಯಾರಿಗೆ ಬೇಕು? ಸಾದಾ ಸಿಲಿಂಡರ್ ಆಕಾರದ್ದನ್ನೇ ತೆಗೆದುಕೊಂಡೆ. ಆದರೂ ಮಾವನಿಗೆ ಅದು ತೋಟಾ ಥರಾನೇ ಕಂಡಿತು, ಬಿಡಿ. ವಿಮಾನದಲ್ಲಿ ಹೋಗುವುದಿದ್ದರೆ ಕೀಚೈನಿನಿಂದ ಬಿಚ್ಚಿ ಮನೆಯಲ್ಲಿಟ್ಟು ಹೋಗುತ್ತೇನೆ.

ಈಗ ಅಳತೆ. ಸಿಗಾರಿನ ದಪ್ಪವನ್ನು ರಿಂಗ್ ಗೇಜ್‌ನಲ್ಲಿ ಹೇಳುತ್ತಾರೆ. ಒಂದು ಇಂಚನ್ನು 64 ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ಗೇಜ್. 50 ಗೇಜಿನ ರೊಬಸ್ಟೊ ಅನ್ನುವ ಸಿಗಾರ್ ಸುಮಾರು 19.8 ಮಿ.ಮೀ. ದಪ್ಪ, 42ರ ಕೊರೋನಾ ಅನ್ನುವುದು ಸುಮಾರು 16.7 ಮಿ.ಮೀ. ಪಂಚ್ ಸಾಮಾನ್ಯವಾಗಿ 7ರಿಂದ 10 ಮಿ.ಮೀ. ತನಕ ಸಿಗುತ್ತವೆ. ಒಂದು ಮಿ.ಮೀ.ನಲ್ಲಿ ಏನು ಮಹಾ ಅನ್ನಿಸಬಹುದು. 7 ಮಿ.ಮೀ. ತೂತಿನ ವಿಸ್ತೀರ್ಣ 38 ಚದರ ಮಿ.ಮೀ., 9ರದ್ದು 64, 10ರದ್ದು 79. ಅಂದರೆ 7ರಿಂದ 10ಕ್ಕೆ ಹೋದರೆ ಹೊಗೆಯ ದಾರಿ ದುಪ್ಪಟ್ಟು. ತೂತು ತೀರ ಚಿಕ್ಕದಾದರೆ ಎಳೆಯೋಕೆ ಕಷ್ಟ. ಅದಕ್ಕಿಂತ ಹೆಚ್ಚಾಗಿ, ಹೊಗೆಯ ಅಂಟೆಲ್ಲ ಆ ಕಿರಿದಾದ ಬಾಯಲ್ಲೇ ಸೇರಿಕೊಂಡು ಅರ್ಧ ಸೇದುವಷ್ಟರಲ್ಲಿ ಕಹಿ ಶುರುವಾಗುತ್ತದೆ. ತೂತು ದೊಡ್ಡದಾದರೆ ತೆಳ್ಳನೆ ಸಿಗಾರಿನಲ್ಲಿ ಸುತ್ತ ಅಂಚೇ ಉಳಿಯುವುದಿಲ್ಲ, ಟೋಪಿ ಬಿಚ್ಚಿಕೊಳ್ಳುತ್ತದೆ. ನಾನು ಸೇದುವುದು ಹೆಚ್ಚಾಗಿ ರೊಬಸ್ಟೊ. ಅದಕ್ಕೆ 9 ಹೇಳಿ ಮಾಡಿಸಿದ ಅಳತೆ. ಕೊರೋನಾವನ್ನೂ ಹೇಗೋ ನಿಭಾಯಿಸುತ್ತದೆ. ಪ್ಯಾಕೆಟ್ಟಿನ ಮೇಲಿನ ಅಂಕಿ ಕೆಲವೊಮ್ಮೆ ಕೊಳವೆಯ ಬುಡದ ಅಳತೆ ಇರುತ್ತದೆ. ತೂತಿನ ಲೆಕ್ಕಕ್ಕೆ ಬರುವುದು ಚೂಪು ಅಂಚಿನದು. ವರ್ನಿಯರ್ ಅಳತೆಗೋಲು ಕೈಲಿರುವವರು ಒಮ್ಮೆ ಹಿಡಿದು ನೋಡಿ.

ಬ್ಲೇಡಿನ ಬಗ್ಗೆ ಎರಡೇ ಮಾತು. ಗೋಡೆ ತೆಳ್ಳಗಿರಬೇಕು. ದಪ್ಪ ಗೋಡೆ ಕತ್ತರಿಸುವ ಬದಲು ಎಲೆಯನ್ನು ಹೊರಕ್ಕೆ ತಳ್ಳಿ ಸೀಳುತ್ತದೆ. ಶಿವರಾಂಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಚರ್ಮಕ್ಕೆ ತೂತು ಹಾಕುವ ಪಂಚ್ ತಂದರೆ ಇನ್ನೂ ಅಗ್ಗ ಅಲ್ವಾ ಅಂತ ಗೆಳೆಯ ಕೇಳಿದ. ಅಗ್ಗ ಹೌದು, ಗಟ್ಟಿಯೂ ಹೌದು. ಆದರೆ ಅದು ಸುತ್ತಿಗೆ ಏಟಿಗೆ ಮಾಡಿದ್ದು, ಗೋಡೆ ದಪ್ಪ, ಮೈಯೆಲ್ಲ ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆ. ಇನ್ನೊಂದು, ಮ್ಯಾಗ್ನೆಟ್ ಹಿಡಿದರೆ ಸ್ಟೇನ್‌ಲೆಸ್ ಅಲ್ಲ ಅಂತ ಹೇಳುವವರು ಬಹಳ. ಪಾತ್ರೆಯ ಸ್ಟೀಲಿಗೆ ಆ ಮಾತು ಸ್ವಲ್ಪ ಮಟ್ಟಿಗೆ ಸರಿ. ಬ್ಲೇಡಿಗಲ್ಲ. ಚಾಕುವಿಗೆ ಬಳಸುವ, ಕಾಯಿಸಿ ಗಡಸು ಮಾಡಬಹುದಾದ ಸ್ಟೇನ್‌ಲೆಸ್ ಮ್ಯಾಗ್ನೆಟ್‌ಗೆ ಅಂಟುತ್ತದೆ. ಅಂಟದಿದ್ದರೇ ನನಗೆ ಅನುಮಾನ, ಅಂಚು ಬೇಗ ಮೊಂಡಾದೀತು ಅಂತ.

ಆನ್‌ಲೈನಿನಲ್ಲಿ ಮುನ್ನೂರು ರೂಪಾಯಿ ಒಳಗೇ ಸಿಕ್ಕಿತು. ಯಾವ ಕಂಪನಿಯೋ ಹೆಸರಿಲ್ಲ. ಹಿತ್ತಾಳೆ ಮೈ, 9 ಮಿ.ಮೀ. ಬ್ಲೇಡು, ಓ-ರಿಂಗ್ ಉಂಟು, ರಿಂಗು ಕ್ಯಾಪಿನಲ್ಲಿ. ಜೊತೆಗೆ ಬಂದ ಕಡ್ಡಿಯಂಥ ಚೈನನ್ನು ಕಿತ್ತೆಸೆದು ಗಟ್ಟಿ ಸ್ಟೀಲ್ ರಿಂಗ್ ಹಾಕಿಕೊಂಡೆ.

ಬಳಸುವಾಗ ಅವಸರ ಮಾಡಬಾರದು. ಮಾರ್ಚ್, ಏಪ್ರಿಲ್‌ನಲ್ಲಿ ನಮ್ಮ ಕಡೆ ಗಾಳಿ ಒಣ. ತೇವದ ಪ್ಯಾಕೆಟ್ ಇಲ್ಲದೆ ಇಟ್ಟ ಸಿಗಾರಿನ ಎಲೆ ಮುಟ್ಟಿದರೆ ಪಟಪಟ ಅನ್ನುತ್ತದೆ. ಅಂಥ ದಿನ ಟೋಪಿಯನ್ನು ತುಟಿಯಲ್ಲಿ ಹಿಡಿದು ಸ್ವಲ್ಪ ಒದ್ದೆ ಮಾಡುತ್ತೇನೆ. ಬ್ಲೇಡನ್ನು ನಡುವೆ ಇಟ್ಟು, ಒತ್ತಡ ಹಾಕದೆ ಆ ಕಡೆ ಈ ಕಡೆ ತಿರುಗಿಸುತ್ತೇನೆ. ಮೊದಲು ಏನೂ ಆಗುವುದಿಲ್ಲ. ಆಮೇಲೆ ಎಲೆ ಕತ್ತರಿಸಿದ ಸಣ್ಣ ಕರಕರ ಬೆರಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಎರಡು ಮೂರು ಮಿ.ಮೀ. ಇಳಿದರೆ ಸಾಕು. ತಿರುಗಿಸುತ್ತಲೇ ಹೊರಗೆ ತೆಗೆದರೆ ಬ್ಲೇಡಿನೊಳಗೆ ಹುಣಸೆ ಬೀಜದ ಬಣ್ಣದ ಪುಟ್ಟ ಬಿಲ್ಲೆ ಕೂತಿರುತ್ತದೆ. ಬೆಂಕಿ ಹಚ್ಚುವ ಮೊದಲು ಒಮ್ಮೆ ಸುಮ್ನೆ ಎಳೆದು ನೋಡುತ್ತೇನೆ. ಗಾಳಿ ಸರಾಗ ಬರದಿದ್ದರೆ ಅದೇ ತೂತಿನಲ್ಲಿ ಇನ್ನೊಂಚೂರು ಆಳಕ್ಕೆ. ನಡುವೆ ಕಹಿಯಾದರೆ ತೂತಿನ ಸುತ್ತ ಕಪ್ಪಗಾದ ಅಂಟನ್ನು ಬಟ್ಟೆಯಿಂದ ಒರೆಸಿದರೆ ಸ್ವಲ್ಪ ಸುಧಾರಿಸುತ್ತದೆ.

ಆ ಬಿಲ್ಲೆಯನ್ನು ಬ್ಲೇಡಿನಲ್ಲೇ ಬಿಟ್ಟು ಮುಚ್ಚಿದರೆ ಒಣಗಿ ಕಲ್ಲಾಗುತ್ತದೆ. ಬೆರಳು ಹಾಕಿದರೆ ಕುಯ್ಯುತ್ತದೆ. ಸೇಫ್ಟಿ ಪಿನ್ ಅಂಚನ್ನು ಕೆಡಿಸುತ್ತದೆ. ಮೈಸೂರಿನ ಯಾವ ಮನೆಯಲ್ಲೂ ಬರವಿಲ್ಲದ್ದು ಉರಿದು ಮುಗಿದ ಊದುಬತ್ತಿಯ ಬಿದಿರು ಕಡ್ಡಿ. ಅದರ ಮಸಾಲೆ ಅಂಟದ ಬುಡದ ತುದಿಯಿಂದ ಕೆರೆದರೆ ಬಿಲ್ಲೆ ಉದುರುತ್ತದೆ, ಬ್ಲೇಡಿಗೆ ಏಟು ಬೀಳುವುದಿಲ್ಲ. ಆಗಾಗ ಬಿಸಿನೀರಲ್ಲಿ ಅದ್ದಿ, ಒರೆಸಿ, ಪೂರ್ತಿ ಒಣಗಿದ ಮೇಲೆ ಮುಚ್ಚುತ್ತೇನೆ.

ಜೇಬಲ್ಲಿ ಪಂಚ್ ಇದೆ ಅಂತ ಎಲ್ಲೆಂದರಲ್ಲಿ ಹಚ್ಚುವ ಹಾಗಿಲ್ಲ. ಸಾರ್ವಜನಿಕ ಸ್ಥಳದಲ್ಲಿ ಸೇದಿದರೆ ಈಗ ಕರ್ನಾಟಕದಲ್ಲಿ ದಂಡ ಸಾವಿರ ರೂಪಾಯಿ ತನಕ ಇದೆ. ಸಿಗಾರಿನ ಹೊಗೆ ಒಳಗೆಳೆಯುವುದಿಲ್ಲವಲ್ಲ ಅಂತ ಸಮಾಧಾನ ಪಡುವವರಿಗೂ ಬಾಯಿ, ಗಂಟಲಿನ ಕ್ಯಾನ್ಸರಿನ ಅಪಾಯ ತಪ್ಪಿದ್ದಲ್ಲ. ನನ್ನ ಮಟ್ಟಿಗೆ ಅದು ಅಪರೂಪದ್ದಾಗಿಯೇ ಇರಲಿ.

ಕೊನೆಯದಾಗಿ, ತುದಿ ಚೂಪಾಗಿರುವ ಟಾರ್ಪೆಡೊ ಸಿಗಾರಿಗೆ ಈ ಪಂಚ್ ಕೆಲಸಕ್ಕೆ ಬರುವುದಿಲ್ಲ. ಬ್ಲೇಡು ಕೂರುವಷ್ಟು ಜಾಗವೇ ಅಲ್ಲಿರುವುದಿಲ್ಲ. ಯಾರಾದರೂ ಟಾರ್ಪೆಡೊ ಕೊಟ್ಟರೆ ಮನೆಗೆ ತಂದು, ಡ್ರಾದಲ್ಲಿರುವ ಕಟ್ಟರ್‌ನಲ್ಲೇ ಕತ್ತರಿಸುತ್ತೇನೆ.